ಬೀಸುಕಲ್ಲೇ ಮದ್ರಸವಾದಾಗ

ಬೀಸುಕಲ್ಲು ತಿರುಗಿಸಿ ತಿರುಗಿಸಿ ಹ. ಫಾತಿಮಾ(ರ)ರ ಕೈಗಳು ನೊಂದಿದ್ದವು. ಮನೆಗೆಲಸಕ್ಕೆ ಒಬ್ಬ ಸೇವಕರನ್ನು ಕೇಳೋಣವೆಂದು ಅವರು ತಂದೆಯ ಬಳಿಗೆ ಹೋದರು. ಪ್ರವಾದಿವರ್ಯರು(ಸ) ಸಿಗಲಿಲ್ಲ, ವಿಷಯವನ್ನು ಹ. ಆಯಿಶಾ(ರ)ರಲ್ಲಿ ಹೇಳಿ ಮರಳಿದರು. ಅಂದು ರಾತ್ರಿ ಪ್ರವಾದಿವರ್ಯರು(ಸ) ತಾವೇ ಮಗಳ ಮನೆಗೆ ಬಂದರು. ಮಲಗುವಾಗ 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್‌ಹಮ್ದುಲಿಲ್ಲಾಹ್, 34 ಬಾರಿ ಅಲ್ಲಾಹು ಅಕ್ಬರ್ ಹೇಳಿಕೊಳ್ಳುವುದು ಸೇವಕರಿಗಿಂತ ಉತ್ತಮವೆಂದು ಕಲಿಸಿಕೊಟ್ಟರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಈ ಹದೀಸನ್ನು ಜುಮಾ ಖುತ್ಬಾಗಳಲ್ಲಿ ನಾವು ಕೇಳುತ್ತಲೇ ಇರುತ್ತೇವೆ. ದುಡಿಯುವ ಕೈಗೂ ಅಲ್ಲಾಹನ ಸ್ಮರಣೆಗೂ ಇರುವ ಈ ನಂಟು ನಮ್ಮದೇ ನಾಡಿನಲ್ಲಿ ಹೇಗೆ ಬೇರೂರಿತು ಎಂಬ ಇತಿಹಾಸ ಮಾತ್ರ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ.

ವಿಜಯಪುರ ಎಂದೊಡನೆ ಕಣ್ಣಮುಂದೆ ಬರುವುದು ಗೋಲಗುಮ್ಮಟ, ಇಬ್ರಾಹಿಂ ರೋಜಾ. 1490ರಿಂದ 1686ರವರೆಗೆ ಆಳಿದ ಆದಿಲ್‌ಶಾಹಿಗಳ ಕಲೆ ಕಲ್ಲಿನಲ್ಲಿ ಉಳಿದಿದೆ. ಅದೇ ಕಾಲದಲ್ಲಿ ಅಲ್ಲೇ ಇನ್ನೊಂದು ಕಲೆಯೂ ಬೆಳೆಯಿತು. ಅದಕ್ಕೆ ಗುಮ್ಮಟವಿಲ್ಲ, ಶಿಲಾಶಾಸನವಿಲ್ಲ. ಊರ ಹೊರಗಿನ ಶಾಹಪುರ ದಿಬ್ಬದಲ್ಲಿ ನೆಲೆಸಿದ ಚಿಶ್ತಿಯಾ ಸೂಫಿಗಳು ಮತ್ತು ಅವರ ಶಿಷ್ಯಪರಂಪರೆ ಅದಕ್ಕೆ ಕಾರಣ. ಮೀರಾನ್‌ಜಿ ಶಂಸುಲ್ ಉಶ್ಶಾಕ್, ಅವರ ಪುತ್ರ ಬುರ್ಹಾನುದ್ದೀನ್ ಜಾನಂ, ಮೊಮ್ಮಗ ಅಮೀನುದ್ದೀನ್ ಆಲಾ ಈ ಪರಂಪರೆಯ ಹಿರಿಯರು.

ಆಗ ವಿದ್ವತ್ತಿನ ಭಾಷೆ ಅರಬಿ ಮತ್ತು ಪಾರಸಿ. ಜನರ ಆಡುಮಾತಿಗೆ ಪಂಡಿತರ ನಡುವೆ ಬೆಲೆ ಇರಲಿಲ್ಲ. ಆದರೂ ಈ ಹಿರಿಯರು ಅಂದು 'ಹಿಂದಿ' ಎಂದು ಕರೆಯಲಾಗುತ್ತಿದ್ದ, ಇಂದು ನಾವು ದಖನಿ ಎನ್ನುವ ಮಾತಿನಲ್ಲೇ ಬರೆದರು. ಜಾನಂ ಅವರ 'ಇರ್ಶಾದ್ ನಾಮಾ' 1582ರದು. ಅರಬಿ, ಪಾರಸಿ ಬಾರದವರಿಗೂ ದೀನಿನ ಅರಿವು ತಲುಪಬೇಕೆಂಬುದೇ ಅವರ ಸಮರ್ಥನೆ.

ಈ ಪರಂಪರೆಯಿಂದಲೇ 'ಚಕ್ಕಿ ನಾಮಾ', 'ಚರ್ಖಾ ನಾಮಾ' ಎಂಬ ಹಾಡುಗಳು ಹುಟ್ಟಿದವು. ಮೊದಲನೆಯದು ಬೀಸುವಾಗ ಹಾಡುವುದು, ಎರಡನೆಯದು ನೂಲುವಾಗ. ತೊಟ್ಟಿಲ ಹಾಡುಗಳು, ಮದುವೆಯ ಹಾಡುಗಳೂ ಇದ್ದವು. ಬೀಸುಕಲ್ಲಿನ ನೆಟ್ಟಗಿನ ಹಿಡಿಗೂಟ ಇಲ್ಲಿ 'ಅಲಿಫ್' ಅಕ್ಷರವಾಗಿ ಅಲ್ಲಾಹನ ಏಕತ್ವವನ್ನು ನೆನಪಿಸುತ್ತದೆ. ಅರಳೆ ಹಿಡಿಯುವುದು, ಬಿಡಿಸುವುದು, ನೂಲು ಸುತ್ತುವುದು ಝಿಕ್ರ್‌ನ ಒಂದೊಂದು ಹಂತವಾಗುತ್ತದೆ. ಜೋಳ ಬೀಸುವ ಹೆಣ್ಣುಮಗಳಿಗೆ ಪುಸ್ತಕ ಬೇಕಿರಲಿಲ್ಲ. ಕೈಯಲ್ಲಿದ್ದ ಗೂಟವೇ ಅವಳ ಮೊದಲ ಅಕ್ಷರ. ಕನ್ನಡದ ಹೆಣ್ಣುಮಕ್ಕಳು ಬೀಸುವ ಪದ ಹಾಡುತ್ತಿದ್ದ ನಾಡಿನಲ್ಲೇ ದಖನಿಯ ಚಕ್ಕಿ ನಾಮಾ ಕೂಡ ಕೇಳಿಸುತ್ತಿತ್ತು. ಕಲ್ಲು ಒಂದೇ, ದುಡಿಮೆ ಒಂದೇ.

ದಖ್ಖನಿನ ಹಳ್ಳಿಗಳಲ್ಲಿ ಇಸ್ಲಾಮ್ ಮನೆಮಾತಾದದ್ದರಲ್ಲಿ ಇಂಥ ಹಾಡುಗಳ ಪಾಲು ದೊಡ್ಡದು ಎಂದು ಇತಿಹಾಸಕಾರ ರಿಚರ್ಡ್ ಈಟನ್ ವಾದಿಸಿದ್ದಾರೆ. ತಾಯಿಯ ಬಾಯಿಂದ ಮಕ್ಕಳ ಕಿವಿಗೆ ಅವು ಸಾಗಿದವು. ಅಂದರೆ ನಮ್ಮ ಅಡುಗೆಮನೆಗಳಲ್ಲಿ ದೀನನ್ನು ಕಲಿಸಿದವರು ಓದುಬರಹ ಬಾರದ ಅಜ್ಜಿಯರು. ಅವರ ಹೆಸರು ಯಾವ ಗ್ರಂಥದಲ್ಲೂ ಇಲ್ಲ.

ಈ ಪದ್ಯಗಳಲ್ಲಿ ಮುರ್ಶಿದರಿಗೆ ಕೊಟ್ಟಿರುವ ಸ್ಥಾನದಂಥ ಕೆಲವು ವಿಚಾರಗಳನ್ನು ಎಲ್ಲ ಆಲಿಮರೂ ಒಪ್ಪಲಾರರು. ಅವುಗಳನ್ನು ಕುರ್‌ಆನ್ ಮತ್ತು ಸುನ್ನತ್ತಿನ ಒರೆಗಲ್ಲಿಗೆ ಹಚ್ಚಿಯೇ ಸ್ವೀಕರಿಸಬೇಕು. ಆದರೆ ಅವರು ಹಿಡಿದ ದಾರಿಯಲ್ಲಿ ನಮಗೆ ಪಾಠವಿದೆ. ಪ್ರತಿಯೊಬ್ಬ ಸಂದೇಶವಾಹಕರನ್ನೂ ಅವರ ಜನಾಂಗದ ಭಾಷೆಯಲ್ಲೇ ಕಳುಹಿಸಿದ್ದು ಜನರಿಗೆ ಸ್ಪಷ್ಟವಾಗಿ ತಿಳಿಯಲೆಂದೇ ಎಂದು ಸೂರಃ ಇಬ್ರಾಹೀಮ್‌ನ 4ನೆಯ ವಚನ ತಿಳಿಸುತ್ತದೆ. ಭಾಷೆಗಳ ವೈವಿಧ್ಯವೂ ಅಲ್ಲಾಹನ ದೃಷ್ಟಾಂತವೆಂದು ಸೂರಃ ಅರ್ರೂಮ್‌ನ 22ನೆಯ ವಚನ ಸಾರುತ್ತದೆ. ದಖನಿ, ಬ್ಯಾರಿ, ನವಾಯತಿ, ಕನ್ನಡ, ಯಾವುದೂ ದೀನಿಗೆ ಪರಕೀಯವಲ್ಲ.

ಇಂದು ಬೀಸುಕಲ್ಲು ಮೂಲೆ ಸೇರಿದೆ. ಮಿಕ್ಸಿ, ಗಿರಣಿ ಬಂದು ಹೆಣ್ಣುಮಕ್ಕಳ ತೋಳಿನ ನೋವು ಇಳಿಯಿತು. ಅದು ಅಲ್ಲಾಹನ ಅನುಗ್ರಹವೇ. ಆದರೆ ಕಲ್ಲಿನ ಜೊತೆ ಹಾಡೂ ನಿಂತಿತು. ಉಳಿದ ಆ ಸಮಯವನ್ನು ನಾವು ಯಾವುದಕ್ಕೆ ಕೊಟ್ಟೆವು? ಮಕ್ಕಳು ಸೂರಃಗಳನ್ನು ತಜ್ವೀದಿನೊಂದಿಗೆ ಚೆನ್ನಾಗಿ ಓದುತ್ತಾರೆ. ಅರ್ಥ ಕೇಳಿದರೆ ತಡವರಿಸುತ್ತಾರೆ. ಮನೆಯಲ್ಲಿ ಅವರು ಆಡುವ ಮಾತಿನಲ್ಲಿ ಯಾರೂ ಅದನ್ನು ಹೇಳಿಕೊಟ್ಟಿಲ್ಲ ಎಂಬುದೇ ಕಾರಣ.

ರೊಟ್ಟಿ ತಟ್ಟುವಾಗ, ಬಟ್ಟೆ ಮಡಚುವಾಗ, ಮಗುವನ್ನು ಶಾಲೆಗೆ ಬಿಡುವಾಗ ಒಂದು ಸಣ್ಣ ಸೂರಃದ ಅರ್ಥವನ್ನು ಮನೆಮಾತಿನಲ್ಲಿ ಹೇಳಿಕೊಡಿ. ತಂದೆಯರೂ ಇದರಲ್ಲಿ ಹೆಗಲು ಕೊಡಲಿ. ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ಮನೆಯವರಿಗೆ ನೆರವಾಗುತ್ತಿದ್ದರು. ಹಿರಿಯ ಅಜ್ಜಿಯರಿಗೆ ನೆನಪಿರುವ ಹಾಡುಗಳಿದ್ದರೆ ಬರೆದಿಡಿ. ಅವರೊಂದಿಗೇ ಅವು ಮಣ್ಣಾಗುವುದು ಬೇಡ.

ನಮ್ಮ ದುಡಿಮೆಯನ್ನು ಇಬಾದತ್ತಾಗಿಯೂ ನಮ್ಮ ಮಾತನ್ನು ಅರಿವಿನ ಸಾಧನವಾಗಿಯೂ ಅಲ್ಲಾಹನು ಸ್ವೀಕರಿಸಲಿ. ಆಮೀನ್.