ತೊಟ್ಟಿಲ ಹಾಡು, ಗಂಟೆಯ ನಾದ

ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಮರದ ಕೊಂಬೆಗೆ ಸೀರೆ ಕಟ್ಟಿ, ಅದರಲ್ಲಿ ಕೂಸನ್ನು ಮಲಗಿಸಿ, ತಾಯಂದಿರು ಹಣ್ಣು ಕೊಯ್ಯುವುದಿತ್ತು. ಮನೆಯಲ್ಲಾದರೆ ತೊಲೆಗೆ ಕಟ್ಟಿದ ತೊಟ್ಟಿಲು. ಎರಡೂ ಕಡೆ ಜೋಗುಳಕ್ಕೆ ತಾಳ ಹಾಕುತ್ತಿದ್ದುದು ತೂಗಾಟವೇ. ಇಂಥ ಹಾಡನ್ನು ತೊಟ್ಟಿಲಿನಿಂದ ಬಿಡಿಸಿ ವಾದ್ಯಕ್ಕೆ ಅಳವಡಿಸಿದರೆ ಏನು ಉಳಿಯುತ್ತದೆ? ಸ್ಕಾಟ್ಲೆಂಡಿನ ಅನುಭವ ಇಲ್ಲಿ ನೆರವಿಗೆ ಬರುತ್ತದೆ.

ಅಲ್ಲಿನ ಪಶ್ಚಿಮ ದ್ವೀಪಗಳ ಗೇಲಿಕ್ ಭಾಷೆಯ ಹಾಡುಗಳನ್ನು 1909ರಲ್ಲಿ ಮಾರ್ಜರಿ ಕೆನಡಿ-ಫ್ರೇಸರ್ ಪಿಯಾನೋ ಪಕ್ಕವಾದ್ಯದೊಡನೆ ಪ್ರಕಟಿಸಿದರು. ನಗರದ ಸಭೆಗಳು ಮೆಚ್ಚಿದವು; ಮೂಲದ ಸೊಗಡನ್ನು ತಿದ್ದಿ ನಯಗೊಳಿಸಿದರೆಂಬ ಆಕ್ಷೇಪವೂ ಬಂತು. 1911ರಲ್ಲಿ ಫ್ರಾನ್ಸಿಸ್ ಟೋಲ್ಮಿಯವರ 105 ಹಾಡುಗಳ ಸಂಗ್ರಹ ಹೊರಬಂದಿತು. ಅದು ಹಾಡುಗಳನ್ನು ಅವು ಹುಟ್ಟಿದ ಕೆಲಸಗಳೊಡನೆ ಸೇರಿಸಿಯೇ ನೋಡಿತು. ನಮ್ಮಲ್ಲಿ ಹಲಸಂಗಿ ಗೆಳೆಯರ 'ಗರತಿಯ ಹಾಡು' 1931ರಲ್ಲಿ ಹೆಣ್ಣುಮಕ್ಕಳ ಪದಗಳನ್ನು ಅಚ್ಚಿಗೆ ತಂದಿತು.

ಈಗ ಗೇಲಿಕ್ ಜೋಗುಳವೊಂದನ್ನು ಕೈಗಂಟೆಗಳಿಗೆ ಅಳವಡಿಸುತ್ತೇವೆಂದುಕೊಳ್ಳಿ. ಶ್ರುತಿಗೊಳಿಸಿದ ಕೈಗಂಟೆಗಳು ಇಂಗ್ಲೆಂಡಿನಲ್ಲಿ ಸುಮಾರು 1700ರ ವೇಳೆಗೆ ಬಳಕೆಗೆ ಬಂದವು. ಒಂದು ಗಂಟೆಗೆ ಒಂದೇ ಸ್ವರ. ಸಾಮಾನ್ಯವಾಗಿ ಒಬ್ಬರ ಕೈಯಲ್ಲಿ ಎರಡು ಗಂಟೆ. ಆದ್ದರಿಂದ ಒಬ್ಬ ತಾಯಿಯ ಧಾಟಿ ಹಲವರ ಕೈಗೆ ಹಂಚಿಹೋಗುತ್ತದೆ. ಬಾರಿಸಿದ ಗಂಟೆಯನ್ನು ಎದೆಗೊತ್ತಿ ನಿಲ್ಲಿಸದಿದ್ದರೆ ಅದರ ನಾದ ಮುಂದಿನ ಸ್ವರದ ಮೇಲೆ ಹರಿಯುತ್ತದೆ. ಅನೇಕ ಗೇಲಿಕ್ ಧಾಟಿಗಳು ನಮ್ಮ ಮೋಹನ ರಾಗದಂತೆ ಐದೇ ಸ್ವರದವು. ತೀರಾ ಹತ್ತಿರದ ಎರಡು ಸ್ವರಗಳು ಅವುಗಳಲ್ಲಿ ಇಲ್ಲದಿರುವುದರಿಂದ ನಾದ ಬೆರೆತರೂ ಕಿವಿಗೆ ಅಷ್ಟು ಕರ್ಕಶವಾಗದು. ಆದರೆ ಸ್ವರದಿಂದ ಸ್ವರಕ್ಕೆ ಜಾರುವ ಕೊರಳಿನ ಎಳೆತ ಗಂಟೆಗೆ ಸಾಧ್ಯವಿಲ್ಲ.

ಎಳೆತ ಹೋದರೂ ಲಯವನ್ನು ಉಳಿಸಿಕೊಳ್ಳಬಹುದು. ತೊಟ್ಟಿಲು ಒಂದು ಲೋಲಕ. ತೂಗುವ ಉದ್ದ 1 ಮೀಟರ್ ಇದ್ದರೆ ಹೋಗಿಬರಲು ಸುಮಾರು 2 ಸೆಕೆಂಡು. ಎರಡೂಕಾಲು ಮೀಟರ್ ಇದ್ದರೆ 3 ಸೆಕೆಂಡು. ಕೂಸಿನ ತೂಕ ಹೆಚ್ಚಿದರೂ ಈ ಕಾಲ ಹೆಚ್ಚು ಬದಲಾಗದು. ಅಂದರೆ ಜೋಗುಳದ ನಡೆಯನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ಹಗ್ಗದ ಉದ್ದ! ಗಂಟೆಯವರ ಮುಂದೆ ತೊಟ್ಟಿಲಿಲ್ಲ. ಆ ಕಾಲವನ್ನು ಬರೆದಿಡದಿದ್ದರೆ ಅವರು ಅದನ್ನು ಕಛೇರಿಯ ಹಾಡಿನಂತೆ ಓಡಿಸಿಯಾರು.

ವಿದ್ಯಾರ್ಥಿಗಳೇ, ಮಲೆನಾಡಿನ ಅಜ್ಜಿಯೊಬ್ಬರ ಜೋಗುಳವನ್ನು ನೀವು ಧ್ವನಿಮುದ್ರಿಸುವಾಗ ಬರಿಯ ಪದಗಳಿಗೆ ತೃಪ್ತರಾಗಬೇಡಿ. ಧಾಟಿಯನ್ನು ಹಿಡಿಯಿರಿ, ತೊಟ್ಟಿಲ ಹಗ್ಗವನ್ನೂ ಅಳೆಯಿರಿ. ಮುಂದೆ ಯಾರಾದರೂ ಅದನ್ನು ಕೊಳಲಿಗೋ ಗಂಟೆಗೋ ಅಳವಡಿಸಿದಾಗ ಕೂಸಿಗೆ ನಿದ್ದೆ ಬರುವಂತಿರಬೇಕಲ್ಲವೇ?