ದೀಕ್ಷೆ ಕೊಡುವವರು ಯಾರು?

ಕ್ರಿ.ಶ. 303ರಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಧರ್ಮಗ್ರಂಥಗಳನ್ನು ಸುಡಬೇಕೆಂದು ಆಜ್ಞಾಪಿಸಿದನು. ಉತ್ತರ ಆಫ್ರಿಕದ ಕೆಲವು ಪಾದ್ರಿಗಳು ಪ್ರಾಣಭಯದಿಂದ ಗ್ರಂಥಗಳನ್ನು ಒಪ್ಪಿಸಿಬಿಟ್ಟರು. ಹಿಂಸೆಯ ಕಾಲ ಕಳೆದ ಮೇಲೆ ಪ್ರಶ್ನೆಯೆದ್ದಿತು: ಇಂಥವರ ಕೈಯಿಂದ ಪಡೆದ ದೀಕ್ಷಾಸ್ನಾನ ಸಲ್ಲುವುದೇ? ಸಲ್ಲದೆಂದರು ಡೊನಾಟಸನ ಅನುಯಾಯಿಗಳು. ತಮ್ಮಲ್ಲಿಗೆ ಬಂದವರಿಗೆ ಮತ್ತೊಮ್ಮೆ ದೀಕ್ಷೆ ಕೊಟ್ಟರು.

ಮುಂದೆ ಹಿಪ್ಪೋ ನಗರದ ಬಿಷಪ್ಪನಾದ ಅಗಸ್ಟೀನನ ಉತ್ತರ ಬೇರೆ. ದೀಕ್ಷೆ ಕೊಡುವವನು ಕ್ರಿಸ್ತನೇ, ಪಾದ್ರಿ ನಿಮಿತ್ತಮಾತ್ರ. ಕಲ್ಲಿನ ಕಾಲುವೆಯಲ್ಲಿ ಹರಿದ ನೀರೂ ತೋಟವನ್ನು ಮುಟ್ಟುತ್ತದೆಯಲ್ಲವೆ? ಮಗುವನ್ನೆತ್ತಿಕೊಂಡು ಬಂದ ತಾಯಿಗೆ ಇದು ಅಭಯವಾಯಿತು. ಪಾದ್ರಿಯ ಅಂತರಂಗವನ್ನು ಶೋಧಿಸುವ ಹೊರೆ ಅವಳದಾಗಲಿಲ್ಲ.

411ರ ಕಾರ್ಥೇಜ್ ಸಭೆಯ ತರುವಾಯ ರಾಜಶಾಸನ ಡೊನಾಟಸನ ಪಂಥದವರಿಗೆ ದಂಡ ವಿಧಿಸಿತು. ಅಂಥ ಬಲಪ್ರಯೋಗವನ್ನು ಅಗಸ್ಟೀನನೂ ಸಮರ್ಥಿಸಿದುದು ವಿಷಾದಕರ. ಆದರೂ ಪ್ರಾಟೆಸ್ಟೆಂಟ್ ಚರ್ಚಿನಲ್ಲಿ ವಿಧಿವತ್ತಾಗಿ ದೀಕ್ಷೆ ಪಡೆದವನಿಗೆ ಕ್ಯಾಥೊಲಿಕ್ ಚರ್ಚು ಇಂದಿಗೂ ಮತ್ತೆ ದೀಕ್ಷಾಸ್ನಾನ ಮಾಡಿಸದಿರುವುದು ಆ ಹಳೆಯ ವಾದದ ಫಲವೇ.