ಆದೋನಿ ಸೀಮೆಯ ಭೂಹಕ್ಕು: ಅಧ್ಯಯನ ಮತ್ತು ಸುಧಾರಣೆ ನಡೆದು ಬಂದ ದಾರಿ

ನೆಲ ಯಾರದು, ಆ ಹಕ್ಕಿಗೆ ಆಧಾರವೇನು, ಅದು ಮುಂದೆ ಯಾರಿಗೆ ಸಲ್ಲಬೇಕು ಎಂಬ ಮೂರು ಪ್ರಶ್ನೆಗಳೇ ಸ್ಥಿರಾಸ್ತಿ ಕಾನೂನಿನ ತಿರುಳು. ಕರ್ನೂಲು ಜಿಲ್ಲೆಯ ಪಶ್ಚಿಮದಲ್ಲಿರುವ ನಂದವರಂ, ಎಮ್ಮಿಗನೂರು, ಆದೋನಿಗಳ ಸೀಮೆಯಲ್ಲಿ ವಿಜಯನಗರದಿಂದ ಮೊದಲ್ಗೊಂಡು ಬಿಜಾಪುರ, ಹೈದರಾಬಾದಿನ ನಿಜಾಮ, ಕಂಪನಿ ಸರ್ಕಾರ, ಮದ್ರಾಸು ಮತ್ತು ಆಂಧ್ರಗಳವರೆಗೆ ಪ್ರತಿಯೊಂದು ಆಳ್ವಿಕೆಯೂ ಈ ಪ್ರಶ್ನೆಗಳಿಗೆ ತನ್ನದೇ ಉತ್ತರ ಕೊಟ್ಟಿದೆ. ದಾಖಲೆಯಲ್ಲಿರುವ ಹೆಸರಿಗೂ ಉಳುವ ಕೈಗೂ ಹೊಂದಿಕೆಯಾದಲ್ಲಿ ಮಾತ್ರ ಸುಧಾರಣೆ ಫಲಿಸಿದೆ ಎಂಬುದು ಈ ಇತಿಹಾಸವನ್ನು ಒಟ್ಟಾಗಿ ನೋಡಿದಾಗ ಮನದಟ್ಟಾಗುವ ಸಂಗತಿ.

ಈ ಅಧ್ಯಯನದ ಹಳೆಯ ಆಕರಗಳು ಎರಡು ಬಗೆಯವು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರವು ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಪ್ರತಿಪಾದಿಸಿತು. ಅದರ ದಾಯವಿಭಾಗ ಪ್ರಕರಣವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ನ್ಯಾಯಾಲಯಗಳು ಅದನ್ನೇ ಆಧಾರವಾಗಿ ಬಳಸಿದವು. ಇನ್ನೊಂದು ಬಗೆಯ ಆಕರ ಶಾಸನಗಳು. ಮದ್ರಾಸು ಪ್ರಾಂತದ ಕನ್ನಡ ಶಾಸನಗಳನ್ನು ಒಳಗೊಂಡ ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಒಂಬತ್ತನೆಯ ಸಂಪುಟವು, ದತ್ತಿ ಕೊಟ್ಟ ನೆಲವನ್ನು ಮತ್ತರು ಎಂಬ ಅಳತೆಯಲ್ಲಿ ಅಳೆದು, ಎಲ್ಲೆಗಳನ್ನು ಹೆಸರಿಸಿ ಕಲ್ಲಿನಲ್ಲಿ ದಾಖಲಿಸುತ್ತಿದ್ದ ಪದ್ಧತಿಯನ್ನು ಪರಿಚಯಿಸುತ್ತದೆ.

1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲಕ್ಕೆ ಪ್ರಧಾನ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ, 1807ರವರೆಗೆ ಇಲ್ಲಿದ್ದು, ಹೊಲ ಹೊಲವನ್ನೂ ಅಳೆಯಿಸಿದನು. ಜಮೀನ್ದಾರನ ಮಧ್ಯಸ್ಥಿಕೆಯಿಲ್ಲದೆ ಸರ್ಕಾರವು ರೈತನೊಂದಿಗೇ ಕಂದಾಯವನ್ನು ಗೊತ್ತುಪಡಿಸುವ ಈ ಪದ್ಧತಿಗೆ ರೈತವಾರಿ ಎಂದು ಹೆಸರು. ಕಂದಾಯವನ್ನು ನಾಲ್ಕನೆಯ ಒಂದು ಭಾಗದಷ್ಟು ಇಳಿಸಬೇಕೆಂಬ ಅವನ ಸಲಹೆ ಆಗ ಒಪ್ಪಿತವಾಗದೆ, ಊರನ್ನೇ ಗುತ್ತಿಗೆ ಕೊಡುವ ಪ್ರಯೋಗ ನಡೆದು ಸೋತಿತು. 1820ರಲ್ಲಿ ಅವನು ಮದ್ರಾಸಿನ ಗವರ್ನರ್ ಆದಾಗ ರೈತವಾರಿ ಮರಳಿ ನೆಲೆಗೊಂಡಿತು. 1827ರಲ್ಲಿ ಮನ್ರೋ ಕಾಲರಾದಿಂದ ತೀರಿಕೊಂಡದ್ದೂ ಈ ಸೀಮೆಗೆ ದೂರವಲ್ಲದ ಪತ್ತಿಕೊಂಡದಲ್ಲಿ. ಈ ಪದ್ಧತಿಯ ಅಧ್ಯಯನಕ್ಕೆ ಬಂದರೆ, ಬೇಡನ್‌ಪವೆಲ್ 1892ರಲ್ಲಿ ಭೂವ್ಯವಸ್ಥೆಗಳನ್ನು ಕಂದಾಯಾಡಳಿತದ ದೃಷ್ಟಿಯಿಂದ ವಿಂಗಡಿಸಿದರೆ, ನೀಲಮಣಿ ಮುಖರ್ಜಿ 1962ರಲ್ಲಿ ಮದ್ರಾಸಿನ ರೈತವಾರಿ ಪದ್ಧತಿಯನ್ನೇ ಕುರಿತು ಗ್ರಂಥ ಬರೆದರು. ಬರ್ಟನ್ ಸ್ಟೈನ್ 1989ರಲ್ಲಿ ಮನ್ರೋನ ಆಡಳಿತದಲ್ಲಿ ವಸಾಹತು ರಾಜ್ಯದ ಬೇರುಗಳನ್ನು ಹುಡುಕಿದರು.

ರೈತವಾರಿಯ ಹೊರಗೆ ಉಳಿದದ್ದು ಇನಾಂ, ಅಂದರೆ ಸೇವೆಗೋ ಧರ್ಮಕಾರ್ಯಕ್ಕೋ ಕಂದಾಯ ಬಿಟ್ಟು ಕೊಟ್ಟ ನೆಲ. ಆದೋನಿಯ ಅಧಿಪತಿ ಸಿದ್ದಿ ಮಸೂದ್ ಖಾನನು ರಾಘವೇಂದ್ರ ಸ್ವಾಮಿಗಳಿಗೆ ಇಂದಿನ ಮಂತ್ರಾಲಯವಾದ ಮಂಚಾಲೆ ಗ್ರಾಮವನ್ನು ಅರ್ಪಿಸಿದನೆಂಬ ಪ್ರತೀತಿ ಇದಕ್ಕೆ ನೆರೆಯದೇ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಇನಾಂ ಕಮಿಷನ್ ಸಿದ್ಧಪಡಿಸಿದ ಫೇರ್ ರಿಜಿಸ್ಟರಿನಲ್ಲಿ ನೆಲದ ವಿಸ್ತೀರ್ಣ, ಕೊಟ್ಟವರು, ಸನ್ನದಿನ ವಿವರ, ಅಂದಿನ ಅನುಭವದಾರ ಎಂಬ ಕಲಮುಗಳಿದ್ದು, ಇಂದಿಗೂ ವ್ಯಾಜ್ಯಗಳಲ್ಲಿ ಅದು ಮುಖ್ಯ ಸಾಕ್ಷ್ಯ. 1956ರ ಆಂಧ್ರ ಕಾಯ್ದೆಯು ಇನಾಂಗಳನ್ನು ರದ್ದುಪಡಿಸಿ ರೈತವಾರಿ ಪಟ್ಟಾಕ್ಕೆ ಪರಿವರ್ತಿಸಿತು.

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. ಅನಂತರದ ಸುಧಾರಣೆಗಳಲ್ಲಿ 1971ರ ಪಟ್ಟಾದಾರ್ ಪಾಸ್‌ಬುಕ್ ಕಾಯ್ದೆ, ಕುಟುಂಬವೊಂದಕ್ಕೆ ಖುಷ್ಕಿ ನೆಲವನ್ನು ಅದರ ದರ್ಜೆಗೆ ತಕ್ಕಂತೆ 35ರಿಂದ 54 ಎಕರೆಗೆ ಮಿತಿಗೊಳಿಸಿದ 1973ರ ಭೂಮಿತಿ ಕಾಯ್ದೆ, ಬಡವರಿಗೆ ಹಂಚಿದ ನೆಲ ಪರರ ಪಾಲಾಗದಂತೆ ತಡೆದ 1977ರ ಕಾಯ್ದೆ ಮುಖ್ಯವಾದವು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಜನ್ಮಸಿದ್ಧ ಪಾಲು ಕೊಟ್ಟ ಆಂಧ್ರದ 1986ರ ತಿದ್ದುಪಡಿಯು ಕರ್ನಾಟಕಕ್ಕಿಂತ ಎಂಟು ವರ್ಷ, ಇಡೀ ದೇಶಕ್ಕಿಂತ ಹತ್ತೊಂಬತ್ತು ವರ್ಷ ಮೊದಲಿನದು. ಮಿತಾಕ್ಷರದ ತತ್ತ್ವ ಮಗಳನ್ನು ತಲುಪಲು ಇಷ್ಟು ಶತಮಾನಗಳು ಬೇಕಾದವು.

ದಾಖಲೆಯ ಬಲ ಮತ್ತು ದೌರ್ಬಲ್ಯ ಎರಡನ್ನೂ ‘ಚುಕ್ಕಲ ಭೂಮುಲು’ ಎನ್ನುವ ಚುಕ್ಕೆ ಭೂಮಿಗಳ ಪ್ರಕರಣ ತೋರಿಸಿಕೊಡುತ್ತದೆ. ಬ್ರಿಟಿಷರ ಕಾಲದ ರೀಸೆಟಲ್‌ಮೆಂಟ್ ರಿಜಿಸ್ಟರಿನಲ್ಲಿ ಪಟ್ಟಾದಾರನ ಹೆಸರು ಗೊತ್ತಾಗದೆಡೆ ಆ ಕಲಮಿನಲ್ಲಿ ಚುಕ್ಕೆಗಳನ್ನಿಡಲಾಗಿತ್ತು. ತಲೆಮಾರುಗಳ ನಂತರ ಅಂಥ ನೆಲ ಸರ್ಕಾರದ್ದೆಂದು ಪರಿಗಣಿತವಾಗಿ, ಉಳುತ್ತಲೇ ಬಂದಿದ್ದ ಕುಟುಂಬಗಳಿಗೂ ಮಾರಾಟದ ನೋಂದಣಿ ಅಸಾಧ್ಯವಾಯಿತು. ಇದನ್ನು ಸರಿಪಡಿಸಲೆಂದೇ 2017ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿತು.

ಹಕ್ಕುಪತ್ರವನ್ನು ನೋಂದಾಯಿಸುವುದು ಒಂದು, ಹಕ್ಕನ್ನೇ ನೋಂದಾಯಿಸಿ ಸರ್ಕಾರ ಅದಕ್ಕೆ ಹೊಣೆಯಾಗುವುದು ಇನ್ನೊಂದು. ಈ ಎರಡೂ ದಾರಿಗಳನ್ನು ಕಂಡ ಐರ್ಲೆಂಡ್ ಇಲ್ಲಿ ಹೋಲಿಕೆಗೆ ಒದಗುತ್ತದೆ: ಅಲ್ಲಿ ಮೊದಲನೆಯದು 1707ರ ಕಾಯ್ದೆಯಿಂದಲೂ ಎರಡನೆಯದು 1891ರ ಕಾಯ್ದೆಯಿಂದಲೂ ಜಾರಿಗೆ ಬಂದವು. ಅಲ್ಲಿ 1975ರಲ್ಲಿ ಕಾನೂನು ವಿದ್ವಾಂಸ ವೈಲಿಯವರ ಭೂಕಾನೂನಿನ ಗ್ರಂಥ ಪ್ರಕಟವಾಯಿತು, ಕಾನೂನು ಸುಧಾರಣಾ ಆಯೋಗವೂ ಅದೇ ವರ್ಷ ರೂಪುಗೊಂಡಿತು. ದೀರ್ಘ ವಿಮರ್ಶೆಯ ಕೊನೆಗೆ 2009ರ ಕಾಯ್ದೆಯು ನೂರೈವತ್ತಕ್ಕೂ ಹೆಚ್ಚು ಹಳೆಯ ಕಾನೂನುಗಳನ್ನು ತೆಗೆದುಹಾಕಿತು. ಭಾರತದಲ್ಲಿ 1908ರ ನೋಂದಣಿ ಕಾಯ್ದೆ ಇನ್ನೂ ಪತ್ರಗಳನ್ನಷ್ಟೇ ನೋಂದಾಯಿಸುತ್ತದೆ. ಆಂಧ್ರಪ್ರದೇಶವು 2022ರ ಭೂಹಕ್ಕು ಕಾಯ್ದೆಯ ಮೂಲಕ ಎರಡನೆಯ ದಾರಿ ಹಿಡಿಯಲೆತ್ನಿಸಿದರೂ, ವಕೀಲರ ಮತ್ತು ರೈತರ ಆತಂಕಗಳ ನಡುವೆ 2024ರಲ್ಲಿ ಅದು ರದ್ದಾಯಿತು.

ಈ ಸೀಮೆಯ ಭೂಹಕ್ಕನ್ನು ಅರಿಯುವವನು ಕನ್ನಡ ಶಾಸನವನ್ನೂ ಬಳ್ಳಾರಿ ಜಿಲ್ಲೆಯ ಕಾಲದ ಕಡತವನ್ನೂ ಇಂದಿನ ಸಾಗುವಳಿ ದಾಖಲೆಯಾದ ತೆಲುಗು ಅಡಂಗಲನ್ನೂ ಒಟ್ಟಿಗೆ ಓದಬಲ್ಲವನಾಗಿರಬೇಕು. ಅಂಥ ಅಧ್ಯಯನವನ್ನು ಗಡಿಯ ಎರಡೂ ಕಡೆಯ ವಿಶ್ವವಿದ್ಯಾಲಯಗಳು ಕೂಡಿ ಬೆಳೆಸುವುದು ಅಗತ್ಯ. ಹೊಲದಲ್ಲಿ ನಿಂತವನ ಹಕ್ಕನ್ನು ಮೊದಲು ವಿಚಾರಿಸಿ ಆಮೇಲೆ ದಾಖಲೆಯನ್ನು ತಿದ್ದುವ ಕ್ರಮಕ್ಕೆ ಬದ್ಧವಾದಾಗಲೇ ಮುಂದಿನ ಸುಧಾರಣೆ ನಂದವರಂನ ರೈತನ ವಿಶ್ವಾಸ ಗಳಿಸೀತು.